ಆಚೆ ಮನೆಯ ಬ್ಯಾಟರಿ ಸೈಕಲ್

ಎಳ್ಳು ಕಾಳಿನಷ್ಟು ದೊಡ್ಡ ಮೂರು ತೂತುಗಳು, ಒಂದರ ಪಕ್ಕ ಒಂದು. ಸುತ್ತಲಿನ ಬಟ್ಟೆ ಕಂದಾಗಿ ಜಾಳಾಗಿತ್ತು.

ಸಿಂಧನೂರಿನ ನನ್ನ ಬಾಡಿಗೆ ಕೋಣೆಗೆ ಅವ್ವ ಮಸ್ಕಿಯಿಂದ ಹೊಸ ಕೌದಿ ತಂದಿದ್ದಳು. ಮನೆಯ ಹಳೆಯ ಸೀರೆಗಳನ್ನೆಲ್ಲ ಚೌಕ ಕತ್ತರಿಸಿ ಹೊಲಿದದ್ದು. ಮಂಚದ ಮೇಲೆ ಬಿಡಿಸುವಾಗ ನಡುವಿನ ನೀಲಿ ತುಂಡು ಬೆರಳಿಗೆ ಒರಟಾಗಿ ತಾಗಿತು. ಇಲಿ ಕಡಿದರೆ ಅಂಚು ಹಲ್ಲುಹಲ್ಲಾಗಿರುತ್ತದೆ, ಒಲೆಯ ಕಿಡಿ ಬಿದ್ದರೆ ಕಪ್ಪಾಗುತ್ತದೆ. ಬ್ಯಾಟರಿಯ ಆ್ಯಸಿಡ್ ಬಿದ್ದರೆ ಮಾತ್ರ ಹೀಗೆ. ಅಂಥ ತೂತುಗಳಿದ್ದ ಸೀರೆಯನ್ನು ನಾನು ಜೀವನದಲ್ಲಿ ಒಬ್ಬರ ಮೈಮೇಲೆ ಮಾತ್ರ ನೋಡಿದ್ದೆ. ಅದು ನಮ್ಮ ಮನೆಯ ಸೀರೆಯಲ್ಲ. ಇಷ್ಟು ವರ್ಷಗಳ ಮೇಲೆ ಬಟ್ಟೆಯಲ್ಲಿ ವಾಸನೆ ಉಳಿದಿರಲು ಸಾಧ್ಯವಿಲ್ಲ. ಆದರೂ ಮೂಗಿನ ತುದಿಯಲ್ಲಿ ಆ ಹುಳಿ ಚುರುಗುಟ್ಟಿತು...

ಅವರನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಸಂಬಂಧವೇನೂ ಇರಲಿಲ್ಲ, ಮಸ್ಕಿಯಲ್ಲಿ ನಮ್ಮ ಆಚೆ ಮನೆಯವರು. ಅವರ ಗಂಡ ಕಾಕಾನಿಗೆ ಬಸ್ ಸ್ಟ್ಯಾಂಡಿನ ಎದುರು ಬ್ಯಾಟರಿ ಅಂಗಡಿಯಿತ್ತು. ಟ್ರ್ಯಾಕ್ಟರು, ಲಾರಿಗಳ ಬ್ಯಾಟರಿಗಳು ಅಲ್ಲಿ ಸಾಲಾಗಿ ಕೂತು ದಿನವಿಡೀ ಚಾರ್ಜ್ ಆಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ಕಾಕಾ ಒಂದು ಹಳೆಯ ಲೇಡೀಸ್ ಸೈಕಲ್ಲಿಗೆ ಕಾರಿನ ಡೈನಮೋವನ್ನು ಮೋಟರಿನಂತೆ ಕೂಡಿಸಿ, ಕ್ಯಾರಿಯರಿನ ಮೇಲೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬ್ಯಾಟರಿ ಇಟ್ಟು, ಹ್ಯಾಂಡಲ್ಲಿಗೆ ಮನೆಯ ದೀಪದ ಸ್ವಿಚ್ಚು ಹಚ್ಚಿದ್ದರು. ಸ್ವಿಚ್ಚು ಒತ್ತಿದರೆ ಪೆಡಲ್ ತುಳಿಯದೆ ಸೈಕಲ್ ಹೋಗುತ್ತಿತ್ತು. ಊರೇ ನೋಡಲು ಬಂದಿತ್ತಂತೆ. ಕೆಲ ತಿಂಗಳಲ್ಲಿ ಕಾಕಾನಿಗೆ ಬೇಸರ ಬಂದು ಮೋಟರ್ ಸೈಕಲ್ ಕೊಂಡರು. ಬ್ಯಾಟರಿ ಸೈಕಲ್ಲು ಹಿತ್ತಲ ಕೋಣೆಯಲ್ಲಿ, ಹಿಂದಿನ ಗಾಲಿ ನೆಲದಿಂದ ಮೇಲೆದ್ದು, ಸ್ಟ್ಯಾಂಡಿನ ಮೇಲೆ ನಿಂತಿತು. ಒಂದು ಹಳೆಯ ಚಾರ್ಜರೂ ಅದರ ಪಕ್ಕಕ್ಕೇ ಬಿತ್ತು.

ನನಗೆ ತಿಳುವಳಿಕೆ ಬಂದಾಗಿನಿಂದ ಆ ಸೈಕಲ್ಲು ಅಲ್ಲೇ ಇತ್ತು. ಚಿಗವ್ವ ಅದನ್ನು ಕರುವನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಿದ್ದರು. ಕಾಕಾ ಅಂಗಡಿಗೆ ಹೋದ ಮೇಲೆ ಆ ಹಳೆಯ ಚಾರ್ಜರು ಹಚ್ಚುವರು. ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುವಿ ತೆಗೆದು, ಒಳಗಿನ ತಗಡುಗಳು ಮುಳುಗುವಷ್ಟು ನೀರಿದೆಯೇ ಎಂದು ಬಗ್ಗಿ ನೋಡುವರು. ತುದಿಗಳಲ್ಲಿ ಹಸಿರು ಕಿಲುಬು ಕಟ್ಟಿದರೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು ವ್ಯಾಸಲಿನ್ ಸವರುವರು. ಚೈನಿಗೆ ನಮ್ಮ ಮನೆಯ ಹೊಲಿಗೆ ಯಂತ್ರದ ಎಣ್ಣೆ, ಗಾಳಿಗೆ ನಮ್ಮಪ್ಪನ ಪಂಪು. ಡೈನಮೋದೊಳಗಿನ ಇದ್ದಿಲ ತುಂಡುಗಳು ಸವೆದಾಗ ನನ್ನಿಂದ ಹಳೆಯ ಟಾರ್ಚಿನ ಸೆಲ್ಲುಗಳನ್ನು ತರಿಸಿಕೊಂಡು, ಒಡೆದು, ಒಳಗಿನ ಕಡ್ಡಿಯನ್ನು ಕಲ್ಲಿನ ಮೇಲೆ ತಿಕ್ಕಿ ಅಳತೆಗೆ ತಂದು ಕೂಡಿಸಿದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ.

ನೀರಿನದು ಮಾತ್ರ ನನಗೆ ಬಹಳ ದಿನ ಅರ್ಥವಾಗಲಿಲ್ಲ. ಒಲೆಯ ಮೇಲೆ ಬರೀ ನೀರು ಕುದಿಸಿ, ತಟ್ಟೆಯನ್ನು ವಾರೆಯಾಗಿ ಹಿಡಿದು, ಅದರ ತಳಕ್ಕೆ ಕೂತ ಹನಿಗಳನ್ನು ಗಾಜಿನ ಬಾಟಲಿಗೆ ಇಳಿಸುತ್ತಿದ್ದರು.

"ತಟ್ಟಿ ಹಿಡಿ ಬಾ ಬೇ. ನನ್ನ ಕೈ ಸುಡಾಕತ್ತಾವ."

"ಕೊಡದಾಗ ನೀರ ಐತಲ್ಲ ಚಿಗವ್ವ?"

"ಬೋರಿನ ನೀರಾಗ ಉಪ್ಪೈತಿ. ಇದಕ್ಕ ಏನೂ ಇಲ್ಲದ ನೀರು ಬೇಕು."

ಅಂಗಡಿಯಲ್ಲಿ ಬಾಟಲಿಗಟ್ಟಲೆ ಅಂಥ ನೀರು ಇರುವಾಗ ಇವರು ಯಾಕೆ ಕೈ ಸುಟ್ಟುಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ. ನಮ್ಮ ಓಣಿಯವರಿಗೆ ಅದೆಲ್ಲ ಗಂಡನ ಕೈಕೆಲಸದ ಮೇಲಿನ ಪ್ರೀತಿ. ಕಾಕಾನಿಗೆ ಅದು ನಗೆಯ ಮಾತು. ಕಟ್ಟೆಗೆ ಯಾರಾದರೂ ಬಂದು ಕೂತರೆ ಸಾಕು, "ಆ ಬ್ಯಾಟರಿ ಸತ್ತು ಯಾವ ಕಾಲಾತೋ. ನನ್ನ ಹೇಣ್ತಿ ಇನ್ನಾ ಅದರ ಬಾಯಾಗ ನೀರ್ ಬಿಡಾಕತ್ತಾಳ ನೋಡ್ರಿ," ಎನ್ನುವರು. ಒಳಗಿನಿಂದ ಚಿಗವ್ವನೂ ನಗುತ್ತಿದ್ದರು.

ಬ್ಯಾಟರಿ ಸತ್ತಿಲ್ಲವೆಂದು ನನಗೆ ಗೊತ್ತಿತ್ತು. ವಾರಕ್ಕೊಮ್ಮೆ ಅವರು ಸ್ವಿಚ್ಚು ಒತ್ತಿ, ಗಾಳಿಯಲ್ಲಿ ತಿರುಗುವ ಹಿಂದಿನ ಗಾಲಿಗೆ ಒಂದು ಕಟ್ಟಿಗೆಯ ತುಂಡನ್ನು ಒರಗಿಸಿ ಕಟ್ಟಿ, ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕೂರುತ್ತಿದ್ದರು. ಗಾಲಿ ನಿಧಾನವಾದಾಗ ಮೊರವನ್ನು ಕೆಳಗಿಟ್ಟು, ಹಸನಾದ ಜೋಳದ ರಾಶಿ ನೋಡುವರು. ಸದ್ದೇನೂ ಇರುತ್ತಿರಲಿಲ್ಲ, ಜೇನು ಹುಳ ದೂರದಲ್ಲಿದ್ದಂತೆ ಒಂದು ಗುಂಯ್ ಅಷ್ಟೆ. ಕಟ್ಟಿಗೆ ಯಾಕೆ ಎಂದರೆ, "ಬರೀ ತಿರಗಿದ್ರ ಅದಕ್ಕೂ ಬ್ಯಾಸರಾಗ್ತೈತಿ," ಎಂದರು. ಮೈಮೇಲೆ ಭಾರವಿದ್ದಾಗ ಎಷ್ಟು ಹೊತ್ತು ಓಡೀತು ಎಂಬುದನ್ನು ಹಾಗೆ ಅಳೆಯುತ್ತಿದ್ದರೆಂದು ನನಗೆ ಹೊಳೆದದ್ದು ಕಾಲೇಜು ಮುಗಿದ ಮೇಲೆ. ಒಂದು ಸಲ ಪ್ಲಾಸ್ಟಿಕ್ ದಾರದಿಂದ ಹಿಂದಿನ ಗಾಲಿಯ ಎರಡೂ ಬದಿಗೆ ಜಾಳಿಗೆ ಹೆಣೆದು ಕಟ್ಟಿದರು. ಧೂಳು ಕೂರಬಾರದೆಂದು ಹೇಳಿದರು. ಜಾಳಿಗೆ ಧೂಳನ್ನು ತಡೆಯುವುದಿಲ್ಲ, ಸೀರೆಯ ಸೆರಗನ್ನು ತಡೆಯುತ್ತದೆ...

ಚಿಗವ್ವನ ತವರು ಸಂತೆಕಲ್ಲೂರು, ಬಸ್ಸಿನಲ್ಲಿ ಕೂತರೆ ಹರಟೆ ಮುಗಿಯುವುದರೊಳಗೆ ಬರುವ ಊರು. ಅವರು ಅಲ್ಲಿಗೆ ಹೋಗದೆ ವರ್ಷಗಳಾಗಿದ್ದವು. ಅವರ ತಮ್ಮನ ಮದುವೆಯಲ್ಲಿ ಹಿರಿಯ ಅಳಿಯನಿಗೆ ಆಹೇರಿಯ ಉಡುಗೊರೆಯಲ್ಲಿ ಧೋತರ, ಶಾಲು ಕೊಟ್ಟು, ಕಾಕಾನಿಗೆ ಬರೀ ಟವೆಲ್ ಕೊಟ್ಟಿದ್ದರು. ಶಾಲಿನ ಗಂಟು ಅವಸರದಲ್ಲಿ ಬೇರೆ ಕಡೆ ಉಳಿದಿತ್ತೆಂದು ಆಮೇಲೆ ಎಷ್ಟೋ ಹೇಳಿದರಂತೆ. ಕಾಕಾ ಎಲೆಯ ಮುಂದಿನಿಂದ ಎದ್ದವರು, ತಾನಾಗಲಿ ತನ್ನ ಹೆಂಡತಿಯಾಗಲಿ ಆ ಊರಿನ ಸೀಮೆ ತುಳಿಯುವುದಿಲ್ಲ ಎಂದು ಮಂದಿಯ ಮುಂದೆ ಆಣೆ ಮಾಡಿ ಬಂದಿದ್ದರು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಚಿಗವ್ವನ ತಾಯಿ ಹಾಸಿಗೆ ಹಿಡಿದಿದ್ದಾರೆ, ಮಗಳ ಹೆಸರು ಹಿಡಿದು ಕನವರಿಸುತ್ತಿದ್ದಾರೆ ಎಂದು ಸಂತೆಕಲ್ಲೂರಿನಿಂದ ಸುದ್ದಿ ಬಂತು. ಆ ಸಂಜೆ ಕಾಕಾ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದರು. ಚಿಗವ್ವ ಬಾಗಿಲಲ್ಲಿ ನಿಂತು ಕೇಳಿದರು.

"ಒಂದ್ ಸಲ ಮಾರಿ ನೋಡ್ಕೊಂಡ್ ಬರ್ತೀನ್ರೀ."

"ಟವೆಲ್ ಕೊಟ್ಟ ಮನಿಗೇನ?"

"ಜೀವ ಹೋಗಾಕತ್ತೈತ್ರೀ."

"ಬಸ್ ಹತ್ತು ನೋಡೋಣು. ನನ್ನ ಅಂಗಡಿ ಮುಂದನ ಹತ್ತಬೇಕು. ಯಾವ ಕಂಡಕ್ಟರ್ ಹತ್ತಿಸ್ಕೊಂತಾನ ನಾನೂ ನೋಡ್ತೀನಿ." ಕಾಕಾ ಜೊತೆಯವರ ಕಡೆ ತಿರುಗಿ ನಕ್ಕರು. "ಇಲ್ಲಂದ್ರ ನಿನ್ನ ಸೈಕಲ್ ಐತಲ್ಲ, ಅದರ ಮ್ಯಾಲ ಹೋಗು. ಅದಕ್ಕ ನಂದೇನ್ ತಕರಾರಿಲ್ಲ."

ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. ಒಳಗೆ ಹೋಗಿ ಚಹಾ ತಂದು ಕೊಟ್ಟರು.

ಮರುದಿನ ಬೆಳಿಗ್ಗೆ ಅವ್ವ ನನ್ನ ಕೈಗೆ ಟಾರ್ಚು ಕೊಟ್ಟು, ಉರಿಯುತ್ತಿಲ್ಲ, ಕಾಕಾನಿಗೆ ತೋರಿಸಿ ಬಾ, ಸರಿಯಾಗುವ ತನಕ ಅಲ್ಲೇ ಇರು ಎಂದಳು. ಬಜಾರು ತುಂಬಿತ್ತು. ಸಂತೆಕಲ್ಲೂರಿನ ದಾರಿ ಹಿಡಿಯಬೇಕಾದರೆ ನಮ್ಮ ಓಣಿಯವರು ಆ ಅಂಗಡಿಯ ಮುಂದೆಯೇ ಹೋಗಬೇಕು. ಕಾಕಾ ತಲೆ ಬಗ್ಗಿಸಿ ಟಾರ್ಚಿನ ಹಿಂದಿನ ಬಿರಡೆ ತಿರುವುತ್ತಿದ್ದರು.

"ನಿಮ್ಮವ್ವ ಶ್ಯಾಣ್ಯಾಕಿ ಬಿಡು. ಸೆಲ್ ಉಲ್ಟಾ ಹಾಕ್ಯಾಳಲ್ಲ!"

ಅವರು ಸೆಲ್ಲು ತಿರುಗಿಸಿ ಹಾಕಿ ಗುಂಡಿ ಒತ್ತುವಾಗ ಎದುರಿನ ಚಹಾ ಅಂಗಡಿಯ ಗದ್ದಲ ಒಮ್ಮೆಲೇ ನಿಂತಿತು. ನಾನು ತಿರುಗಿ ನೋಡಿದೆ.

ಚಿಗವ್ವ ಹೋಗುತ್ತಿದ್ದರು. ಹಸಿರು ಸೀರೆ, ಬಿಗಿದ ಸೆರಗು, ಹ್ಯಾಂಡಲ್ಲಿನಲ್ಲಿ ಒಂದು ಚೀಲ, ನೆಟ್ಟಗೆ ಮುಂದಕ್ಕೆ ನೋಡುವ ಮುಖ. ಕಾಲುಗಳು ಅಲುಗುತ್ತಿರಲಿಲ್ಲ. ಪೆಡಲ್ ತುಳಿಯದೆ, ಸದ್ದಿಲ್ಲದೆ ಒಬ್ಬ ಹೆಂಗಸು ತೇಲಿ ಹೋಗುವುದನ್ನು ಮಸ್ಕಿಯ ಬಜಾರು ನೋಡಿರಲಿಲ್ಲ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕ ದಾರಿ ಬಿಟ್ಟು ನಿಂತ. ಅವರಿಗೆ ಸೈಕಲ್ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಹುಡುಗಿಯಾಗಿದ್ದಾಗ ತಂದೆಯ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದರಂತೆ. ಅದು ಕಾಕಾನಿಗೂ ಗೊತ್ತಿರಲಿಲ್ಲ.

ಕಾಕಾ ತಲೆಯೆತ್ತಿದಾಗ ಅವರಿಗೆ ಕಂಡದ್ದು ಹಸಿರು ಬೆನ್ನು, ಅದರ ಹಿಂದೆ ತಾವೇ ಮಾಡಿದ ಪೆಟ್ಟಿಗೆ. ಎದ್ದು ನಿಂತರು. ಕೈಯಲ್ಲಿ ಟಾರ್ಚು, ಆ ಬಿಸಿಲಿನಲ್ಲಿ ಉರಿಯುತ್ತಲೇ ಇತ್ತು.

"ಅದು ಸತ್ತಿತ್ತು," ಎಂದರು. ನನಗೋ, ತಮಗೋ... "ಅದು ಸತ್ತಿತ್ತಲ್ಲಬೇ."

ಬೆನ್ನಟ್ಟಲು ಮೋಟರ್ ಸೈಕಲ್ ಅಲ್ಲೇ ಇತ್ತು. ಕೀಲಿ ಹಾಕಿ, ಹತ್ತಿ ಕೂತು, ಹಾಗೇ ಕೂತರು. ಹೋದರೆ ಆಣೆ ಮುರಿಯಬೇಕು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಚಿಗವ್ವನ ತಾಯಿ ಮಗಳ ಮುಖ ನೋಡಿ, ಒಂದು ವಾರ ಅವರ ಕೈಯಿಂದ ಗಂಜಿ ಕುಡಿದು ತೀರಿಹೋದರೆಂದು ತಿಳಿಯಿತು. ಕರೆಯಲು ಕಾಕಾ ಹೋಗಲಿಲ್ಲ, ಚಿಗವ್ವ ತಾವಾಗಿ ಬರಲಿಲ್ಲ. ಓಣಿಯವರು ಬಂದು ಕೇಳಿದರೆ ಅವ್ವ ಎದೆಯ ಮೇಲೆ ಕೈಯಿಟ್ಟು, "ಯವ್ವಾ, ನಮಗೇನ್ ಗೊತ್ತ್ರೀ? ಹೆಣ್ಮಕ್ಕಳು ಹಿಂಗ ಮಾಡ್ತಾರೇನ್ರೀ?" ಎನ್ನುತ್ತಿದ್ದಳು. ನಾನು ಅದನ್ನು ನಂಬಿದ್ದೆ. ಆಮೇಲೆ ಓದಿಗೆಂದು ಲಿಂಗಸುಗೂರಿಗೆ ಹೋದೆ. ಚಿಗವ್ವನನ್ನು ಮತ್ತೆ ನೋಡಲಿಲ್ಲ.

ಮೊನ್ನೆ ಕೌದಿಯ ನೀಲಿ ತುಂಡಿನ ಮೇಲೆ ಬೆರಳಿಟ್ಟು ಅವ್ವನನ್ನು ಕೇಳಿದೆ, ಇದು ನಿನ್ನ ಹತ್ತಿರ ಹೇಗೆ ಬಂತು?

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ತೂತಿನ ಸೀರಿ ಉಟ್ಕೊಂಡು ತವರಿಗಿ ಹೋಗ್ತಾರೇನ? ನಂದು ಹಸರದ್ದು ಕೊಟ್ಟೆ. ಇದನ್ನ ಬಿಟ್ಟು ಹೋದ್ಲು."

ನಾನು ಮಂಚದ ಮೇಲೆ ಕೂತೆ. ಆ ಹಸಿರು ಸೀರೆಯನ್ನು ಅವ್ವ ದೀಪಾವಳಿಗೆ ಉಡುತ್ತಿದ್ದಳು. ಅದು ಕಣ್ಣ ಮುಂದೆಯೇ ಬಜಾರು ದಾಟಿ ಹೋದಾಗ ನನಗೆ ಗುರುತು ಸಿಕ್ಕಿರಲಿಲ್ಲ.

"ಟಾರ್ಚು?" ಎಂದೆ.

"ಮತ್ತ? ಅವನ ತಲಿ ಬಗ್ಗಸಬೇಕಿತ್ತಲ್ಲ." ಅಕ್ಕಿಯಲ್ಲಿ ಸಿಕ್ಕ ಕಲ್ಲನ್ನು ಬಾಗಿಲಾಚೆ ಎಸೆದಳು. "ವರ್ಷಕ್ಕೊಮ್ಮೆ ಸಂತ್ಯಾಗ ಸಿಗ್ತಿದ್ಲು. ನಿನ್ನ ಕೇಳ್ತಿದ್ಲು, ತಟ್ಟಿ ಹಿಡಿಯಾಕಿ ಏನ್ ಓದಾಕತ್ತಾಳಂತ. ಆ ಸೈಕಲ್ ಮ್ಯಾಲನ ಬರ್ತಿದ್ಲು ಕೊನೀತನಕ."

ಕೊನೀತನಕ ಎಂಬ ಮಾತು ನನಗೆ ಒಂದು ಗಳಿಗೆ ತಡವಾಗಿ ಮುಟ್ಟಿತು.

"ಹೋದ ಶ್ರಾವಣದಾಗ ಹೋದ್ಲು. ಕಾಮಾಲಿ. ನಿನಗ ಹೆಂಗ ಹೇಳಬೇಕು ತಿಳೀಲಿಲ್ಲ... ಅದಕ್ಕ ಕೌದಿ ಹೊಲಿದೆ."

ಸೈಕಲ್ಲು ಇನ್ನೂ ಸಂತೆಕಲ್ಲೂರಿನ ಅವರ ತವರು ಮನೆಯಲ್ಲೇ ಇದೆಯಂತೆ, ಸ್ಟ್ಯಾಂಡಿನ ಮೇಲೆ. ಯಾರೂ ಮುಟ್ಟಿಲ್ಲವಂತೆ. ಶ್ರಾವಣದಿಂದ ಯಾರೂ ನೀರು ಹಾಕದ ಬ್ಯಾಟರಿಯ ತಗಡುಗಳು ಒಣಗಿ ಬೆಳ್ಳಗಾಗಿರುತ್ತವೆ. ಹಾಗಾದ ಮೇಲೆ ನೀರು ಹಾಕಿದರೂ ಅದು ಏಳುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು, ಅವರೇ ಕಲಿಸಿದ್ದು.

ಮರುದಿನ ಬೆಳಿಗ್ಗೆ ಅವ್ವ ಏಳುವ ಮೊದಲೇ ನಾನು ಸ್ಟೋವ್ ಹಚ್ಚಿ ನೀರು ಕುದಿಯಲು ಇಟ್ಟೆ. ತಟ್ಟೆಯನ್ನು ವಾರೆಯಾಗಿ ಹಿಡಿದು ನಿಂತೆ. ಬಾಟಲಿ ಅರ್ಧ ತುಂಬುವಷ್ಟರಲ್ಲಿ ಬೆರಳುಗಳು ಕೆಂಪಾಗಿದ್ದವು. ನಾನು ಕೆಲಸ ಮಾಡುವ ಕಾಲೇಜಿಗೆ ರಜೆಯ ಚೀಟಿ ಕಳಿಸಿ, ಬಾಟಲಿಯ ಬಿರಡೆ ಬಿಗಿದು, ಸಂತೆಕಲ್ಲೂರಿನ ಬಸ್ಸು ಹತ್ತಿದೆ.