ಶನಿವಾರದ ಬಿಳಿಕೈ

ಶಾಮರಾಯ ಹೊಳ್ಳರು ಕೆಟ್ಟವರೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಕೆಟ್ಟವರಾಗಿದ್ದರೆ ಮಕ್ಕಳು ಅವರ ಮಾತನ್ನು ಅಷ್ಟೊಂದು ನಂಬುತ್ತಿರಲಿಲ್ಲ, ನನಗೂ ಇದನ್ನು ಬರೆಯುವ ಕರ್ಮ ಬರುತ್ತಿರಲಿಲ್ಲ.

ನಾನು ಪಾಂಡು. ಕಿರಿಮಂಜೇಶ್ವರದಿಂದ ಸ್ವಲ್ಪ ಆಚೆ, ಉಪ್ಪುಗಾಳಿಗೆ ಕಿಟಕಿಯ ಸರಳುಗಳೆಲ್ಲ ತುಕ್ಕು ಹಿಡಿದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರು. ಹೊಳ್ಳರು ಅಲ್ಲಿ ಗಣಿತದ ಮಾಸ್ಟ್ರು. ಸಾಲಿಗ್ರಾಮದವರು. ದಿನಾ ಕುಂದಾಪುರದಲ್ಲಿ ಬಸ್ಸು ಬದಲಿಸಿ ಬರುತ್ತಾರೆ, ಒಂದು ದಿನವೂ ತಡವಾದದ್ದಿಲ್ಲ. ಅವರ ತಂದೆ ದೇವಸ್ಥಾನದಲ್ಲಿ ಚಾಕರಿಗಿದ್ದವರು. ಮಗನಿಗೆ ಲೆಕ್ಕ ಬಾರದ ದಿನ ಬಾಳೆಲೆ ಹಾಕಿ, ಅನ್ನ ಬಡಿಸದೆ, ಲೆಕ್ಕ ಮುಗಿಯುವ ತನಕ ಆ ಎಲೆಯ ಮುಂದೆಯೇ ಕೂರಿಸುತ್ತಿದ್ದರಂತೆ.

"ಆ ಖಾಲಿ ಎಲೆಯೇ ನನ್ನ ಮನುಷ್ಯ ಮಾಡಿತ್ ಮಾಸ್ಟ್ರೇ" ಎಂದು ಹೊಳ್ಳರು ಆಗಾಗ ಹೇಳುವರು. ಹೇಳುವಾಗ ಕಣ್ಣಲ್ಲಿ ಭಕ್ತಿ.

ಅಪ್ಪನ ಖಾಲಿ ಎಲೆಯನ್ನು ಮಗ ಶಾಲೆಗೆ ತಂದದ್ದು ಬೇರೆ ರೂಪದಲ್ಲಿ. ಶನಿವಾರ ಬೆಳಗಿನ ಶಾಲೆ. ಹತ್ತನೇ ಕ್ಲಾಸಿಗೆ ಮೊದಲ ಪೀರಿಯಡ್ಡು ಹೊಳ್ಳರದು. ಬೋರ್ಡಿನ ಮೇಲೆ ಒಂದೇ ಒಂದು ಲೆಕ್ಕ ಬರೆಯುತ್ತಾರೆ. ಅದು ಯಾವ ಪಠ್ಯಪುಸ್ತಕದಲ್ಲೂ ಇರುವುದಿಲ್ಲ. ಸುಳಿವು ಕೊಡುವುದಿಲ್ಲ, ಪಕ್ಕದವರನ್ನು ಕೇಳುವ ಹಾಗಿಲ್ಲ. ಆಗದಿದ್ದವರು ಎದ್ದು ನಿಂತು "ಬಿಟ್ಟೆ ಸರ್" ಎನ್ನಬೇಕು. ಎಂದಮೇಲೆ ಬೋರ್ಡಿನ ಕೆಳಗಿನ ಪಟ್ಟಿಯ ಮೇಲೆ ಬಿದ್ದ ಚಾಕಿನ ಪುಡಿಗೆ ಅಂಗೈ ಒತ್ತಬೇಕು. ಆ ಕೈಯನ್ನು ಮನೆ ಮುಟ್ಟುವ ತನಕ ತೊಳೆಯುವಂತಿಲ್ಲ. ತೊಳೆಯಬೇಕೆಂದರೆ ಹೊಳ್ಳರ ಅಪ್ಪಣೆ ಬೇಕು. ಅಪ್ಪಣೆ ಕೇಳಲು ಹೋದರೆ ಅವರದು ಒಂದೇ ಮಾತು: "ಲೆಕ್ಕ ಆಯ್ತಾ?"

ಮಕ್ಕಳು ಇದಕ್ಕೆ ಬಿಳಿಕೈ ಎಂದು ಹೆಸರಿಟ್ಟಿದ್ದರು. ಶನಿವಾರ ಮಧ್ಯಾಹ್ನ ಹೆದ್ದಾರಿಯ ಬದಿಯಲ್ಲಿ ಸಾಲಾಗಿ ಬಿಳಿಕೈಗಳು ಮನೆಗೆ ಹೋಗುತ್ತಿದ್ದವು. ಬಸ್ಸಿನ ಕಂಡಕ್ಟರ್ "ಹ್ವಾಯ್, ಬಿಳಿಕೈಯವ್ರೆಲ್ಲ ಹಿಂದೆ ಹೋಯ್ನಿ" ಎಂದು ಕೂಗಿದರೆ ಇಡೀ ಬಸ್ಸು ನಗುತ್ತಿತ್ತು. ಮೀನು ಮಾರುವ ಹೆಂಗಸರು ತಮ್ಮ ಮಕ್ಕಳ ಕೈ ಹಿಡಿದು ನೋಡಿ, ಬಿಳಿಯಿದ್ದರೆ ಅಲ್ಲೇ ಎರಡು ಬಿಗಿಯುತ್ತಿದ್ದರು. ಊರಿಗೆ ಊರೇ ಹೊಳ್ಳರ ಶಿಕ್ಷೆಗೆ ಕೈ ಜೋಡಿಸಿತ್ತು. ದೂರು ಕೊಟ್ಟವರು ಯಾರೂ ಇಲ್ಲ. ಹೊಳ್ಳರ ಕೈಯಲ್ಲಿ ಬೆಂದವರು ಎಲ್ಲಿ ಹೋದರೂ ಹಸಿ ಉಳಿಯುವುದಿಲ್ಲ ಎಂದು ಊರವರ ನಂಬಿಕೆ. ಫಲಿತಾಂಶವೂ ಹಾಗೆಯೇ ಬರುತ್ತಿತ್ತು, ನಾನು ಏನು ಬಾಯಿ ಬಿಡಲಿ?

ಆದರೂ ಒಮ್ಮೆ ಬಿಟ್ಟೆ. "ಹೊಳ್ರೇ, ಕಬಡ್ಡಿಲಿ ರೈಡಿಗೆ ಹೋಪವನಿಗೆ ನಾನ್ ಮೊದ್ಲ್ ಕಲ್ಸೂದ್ ವಾಪಸ್ ಬಪ್ಪುದನ್ನ. ಉಸ್ರ್ ಮುಗ್ಯುಕಿಂತ ಮೊದ್ಲ್ ಗೆರೆ ಮುಟ್ಟದಿದ್ರೆ ಎಷ್ಟ್ ಗಟ್ಟಿಗನಾದ್ರೂ ಔಟೇ."

"ಅದ್ ಆಟ ಮಾಸ್ಟ್ರೇ. ಇದ್ ಬದ್ಕ್" ಎಂದು ಹೊಳ್ಳರು ಛತ್ರಿ ಬಿಡಿಸಿಕೊಂಡು ಬಸ್ಸಿಗೆ ಹೋದರು.

ಅವರ ಇನ್ನೊಂದು ಮಾತಿತ್ತು. ಪ್ರತಿ ಬ್ಯಾಚಿನ ಮಕ್ಕಳಿಗೂ ಅದು ಬಾಯಿಪಾಠ. "ಬಾಗ್ಲಿಲ್ದೆ ಯಾರೂ ಮನೆ ಕಟ್ಟೂದಿಲ್ಲೆ. ಎಲ್ಲಾ ಲೆಕ್ಕಕ್ಕೂ ಒಂದ್ ಬಾಗ್ಲ್ ಇರತ್ತ್. ಕಾಣ್ತಿಲ್ಲೆ ಅಂದ್ರೆ ನಿನ್ ಕಣ್ಣಂಗೆ ದೋಷ." ಒಂದು ಶನಿವಾರ ಮನೀಷ್ ಎಂಬ ಹುಡುಗ, ದೋಣಿ ರಿಪೇರಿಯವನ ಮಗ, ಎದ್ದು ನಿಂತು "ಸರ್, ಈ ಲೆಕ್ಕವೇ ತಪ್ಪ್" ಎಂದುಬಿಟ್ಟ. ಹೊಳ್ಳರು ನಾಲ್ಕು ಸಾಲಿನಲ್ಲಿ ಲೆಕ್ಕ ಬಿಡಿಸಿ ತೋರಿಸಿದರು. ಆಮೇಲೆ ಅವನ ಎರಡೂ ಕೈಗಳನ್ನು ಪುಡಿಗೆ ಒತ್ತಿಸಿದರು. ತಪ್ಪನ್ನು ಲೆಕ್ಕದ ಮೇಲೆ ಹೊರಿಸುವವರಿಗೆ ಎರಡು ಕೈ, ಅದು ಅವತ್ತಿನಿಂದ ಕಾನೂನಾಯಿತು. ಮನೀಷನಿಗೇನು, ಅವನು ವಾರವಾರವೂ ಬಿಳಿಕೈಯೇ. ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ ನಟಿಸುತ್ತ, ನಗಿಸುತ್ತ ಮನೆಗೆ ಹೋದ.

ಮುಂದಿನ ಬೆಂಚಿನಲ್ಲಿ ಕೂತು ಅದನ್ನು ಕಂಡು ನಗದೇ ಇದ್ದವಳು ನವ್ಯಶ್ರೀ.

ನವ್ಯಶ್ರೀ ಸೀತುವಿನ ಮಗಳು. ಸೀತು ಮನೆಮನೆಗೆ ಮೀನು ಮಾರುತ್ತಾಳೆ. ಅಪ್ಪ ಕರಿಯನ ಸೊಂಟದ ಮೇಲೆ, ದೋಣಿ ದಡಕ್ಕೆ ಎಳೆಯುವಾಗ, ದೋಣಿಯೇ ಜಾರಿ ಬಿದ್ದಿತ್ತು. ಅಂದಿನಿಂದ ಅವನು ಎದ್ದಿಲ್ಲ. ಅವನನ್ನು ಮಗ್ಗುಲು ಬದಲಿಸಬೇಕು, ಒರೆಸಬೇಕು, ಎಲ್ಲಾ ಮಾಡಬೇಕು. ಶಾಲೆ ಇರುವಾಗ ಹೇಗೋ ನೆರೆಮನೆಯವರು ನೋಡಿಕೊಂಡರು. ಹತ್ತನೇ ಕ್ಲಾಸು ಮುಗಿದ ಮೇಲೆ ಏನು ಎನ್ನುವುದು ಪ್ರಶ್ನೆ.

ದಾರಿ ಒಂದು ಇತ್ತು. ಕುಂದಾಪುರದ ಕಡೆಯ ಒಂದು ದೊಡ್ಡ ವಸತಿ ಕಾಲೇಜು ಬಡ ಮಕ್ಕಳಿಗೆ ಪರೀಕ್ಷೆ ಇಟ್ಟು, ಗೆದ್ದವರಿಗೆ ಪಿಯುಸಿ, ಹಾಸ್ಟೆಲ್ಲು, ಊಟ ಎಲ್ಲ ಧರ್ಮಕ್ಕೆ ಕೊಡುತ್ತದೆ. ಕರಿಯನ ತಂಗಿ ವನಜ ಅಣ್ಣನನ್ನು ನೋಡಿಕೊಳ್ಳುವ ಒಂದು ಮಾತು ಕೊಟ್ಟಿದ್ದಳು. "ಹೆಣ್ಣ್ ಆ ದೊಡ್ಡ ಕಾಲೇಜಿಗೆ ಹೋತ್ ಅಂದ್ರೆ ನಾನ್ ಬಂದ್ ಎರಡ್ ವರ್ಷ ಅಣ್ಣನ್ನ ಕಾಣ್ತೆ. ಇಲ್ಲೇ ಹೋಯಿ ಬಪ್ಪುದಾದ್ರೆ ಅಪ್ಪನ್ನ ಹೆಣ್ಣೇ ಕಾಣ್ಲಿ." ಸರಕಾರಿ ಕಾಲೇಜು ಹತ್ತಿರದಲ್ಲೇ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಸೀತು ನಸುಕಿನಲ್ಲೇ ಬಂದರಿಗೆ ಹೋದರೆ ಮನೆಗೆ ಬರುವುದು ಮಧ್ಯಾಹ್ನ ಕಳೆದ ಮೇಲೆ. ಅಲ್ಲಿಯ ತನಕ ಕರಿಯನಿಗೆ ಒಂದು ಲೋಟ ನೀರು ಕೊಡುವವರೂ ಬೇಕಲ್ಲ. ಹಾಗಾಗಿ ನವ್ಯಶ್ರೀಗೆ ಆ ಪರೀಕ್ಷೆ ಒಂದೇ ಬಾಗಿಲು. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಸಿಗುವುದರಲ್ಲಿ ಅನುಮಾನವೂ ಇರಲಿಲ್ಲ. ಇಡೀ ವರ್ಷ ಅವಳ ಕೈ ಒಮ್ಮೆಯೂ ಬಿಳಿಯಾಗಿರಲಿಲ್ಲ. ಶನಿವಾರದ ಕೊನೆಯ ಗಂಟೆ ಹೊಡೆದು ಎಲ್ಲರೂ ಮನೆಗೆ ಹೋದ ಮೇಲೂ ಹಲ್ಲು ಕಚ್ಚಿ ಕೂತು, ಲೆಕ್ಕ ಮುಗಿಸಿಯೇ ಏಳುತ್ತಿದ್ದಳು. ಹೊಳ್ಳರು ಬಸ್ಸು ತಪ್ಪಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ಮುಗಿದಾಗ ಅವರ ಮುಖ ನೋಡಬೇಕಿತ್ತು. ಸ್ವಂತ ಮಗಳ ಮದುವೆಯಲ್ಲೂ ಅವರು ಅಷ್ಟು ಹಿಗ್ಗಿದ್ದು ನಾನು ಕಂಡಿಲ್ಲ.

ಪರೀಕ್ಷೆಗೆ ನಮ್ಮ ಶಾಲೆಯಿಂದ ಇಬ್ಬರು ಕೂತರು. ನವ್ಯಶ್ರೀ, ಮತ್ತೆ ಅಪ್ಪನ ಒತ್ತಾಯಕ್ಕೆ ಮನೀಷ್. ಏಪ್ರಿಲಿನ ಒಂದು ಭಾನುವಾರ ನಾನೇ ಇಬ್ಬರನ್ನೂ ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಐವತ್ತು ಪ್ರಶ್ನೆ, ಎರಡು ಗಂಟೆ.

ಗಂಟೆ ಹೊಡೆಯುವ ಮೊದಲೇ ಮನೀಷ್ ಹೊರಗೆ ಬಂದು ಐಸ್‌ಕ್ಯಾಂಡಿ ಕೊಡಿಸಿ ಎಂದ. ನವ್ಯಶ್ರೀ ಎಲ್ಲರಿಗಿಂತ ಕೊನೆಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಹೇಂಗಾಯ್ತ್ ಹೆಣ್ಣೆ?"

"ಬಿಡ್ಲಿಲ್ಲೆ ಸರ್."

"ಎಷ್ಟ್ ಮಾಡ್ದೆ?"

"ಹನ್ನೆರಡನೇದ್ರ ತನಕ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳ ಕೈಯಿಂದ ಪ್ರಶ್ನೆಪತ್ರಿಕೆ ಕಸಿದುಕೊಂಡು ನೋಡಿದೆ. ಹನ್ನೆರಡನೆಯದು ಒಂದು ತ್ರಿಭುಜ. ಬಾಹುಗಳು ಏಳು, ಒಂಬತ್ತು, ಹದಿನೇಳು ಸೆಂಟಿಮೀಟರ್, ವಿಸ್ತೀರ್ಣ ಎಷ್ಟು? ಪತ್ರಿಕೆಯ ಅಂಚು, ಹಿಂಬದಿ ಎಲ್ಲ ಅವಳ ಇರುವೆ ಅಕ್ಷರಗಳಲ್ಲಿ ಅದೇ ಲೆಕ್ಕ, ಮತ್ತೆ ಮತ್ತೆ.

"ಏಳೂ ಒಂಬತ್ತೂ ಕೂಡ್ರೆ ಹದ್ನಾರೇ ಆಪ್ದ್ ಸರ್" ಎಂದಳು. "ಹದ್ನೇಳಕ್ಕೆ ಮುಟ್ಟೂದಿಲ್ಲೆ. ತ್ರಿಭುಜ ಕೂಡೂದೇ ಇಲ್ಲೆ."

"ಅಷ್ಟ್ ಗೊತ್ತಾದ್ ಮೇಲೆ ಬಿಟ್ಟ್ ಮುಂದೆ ಹೋಯ್ಕಿತ್ತಲೆ ಮಾರಾಯ್ತಿ?"

"ಬಾಗ್ಲ್ ಇರತ್ತ್ ಅಂದ್ಕಂಡೆ."

ಮನೀಷ್ ಐಸ್‌ಕ್ಯಾಂಡಿ ಚೀಪುತ್ತ ಇಣುಕಿದ. "ಅದಾ? ನಾನ್ ಕಂಡದ್ದೇ ಬಿಟ್ಟೆ."

ಪ್ರೆಸ್ಸಿನವರು ಹನ್ನೊಂದು ಇರಬೇಕಾದಲ್ಲಿ ಹದಿನೇಳು ಹಾಕಿದ್ದರು. ಕಾಲೇಜಿನವರು ಉದಾರಿಗಳು, ತಪ್ಪು ಒಪ್ಪಿಕೊಂಡು ಆ ಪ್ರಶ್ನೆಗೆ ಎಲ್ಲರಿಗೂ ಒಂದೊಂದು ಅಂಕ ಕೊಟ್ಟರು. ಅದನ್ನು ಓದಿಯೂ ನೋಡದವರಿಗೂ ಒಂದು, ಅದರ ಮೇಲೆ ಮುಂದಿನ ಎರಡು ವರ್ಷದ ಬದುಕನ್ನು ಸುರಿದವಳಿಗೂ ಒಂದು. ಅವಳು ಮುಟ್ಟದೇ ಬಿಟ್ಟ ಪ್ರಶ್ನೆಗಳನ್ನು ನಾನು ಆಮೇಲೆ ಹೊಳ್ಳರಿಗೆ ತೋರಿಸಿದೆ. "ಇದೆಲ್ಲ ಅವ್ಳಿಗೆ ನೀರ್ ಕುಡ್ದಂಗೆ" ಎಂದರು. ಸೀಟು ಸಿಕ್ಕಿದ್ದು ಮನೀಷನಿಗೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರುಷ ಆಯಸ್ಸು ಅಂತಾರೆ. ಅವನು ವರ್ಷವಿಡೀ ದೊಣ್ಣೆ ತಪ್ಪಿಸಿಕೊಳ್ಳುವುದನ್ನೇ ಕಲಿತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬಂದದ್ದು ಜೂನಿನಲ್ಲಿ, ಶಾಲೆ ಶುರುವಾದ ಮೊದಲ ವಾರ. ಬೆಳಗಿನ ಪ್ರಾರ್ಥನೆಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಹೊಳ್ಳರು ಮೈಕು ಹಿಡಿದು ನವ್ಯಶ್ರೀಯ ಕಥೆ ಹೇಳಿದರು. "ಸೀಟು ಹೋಯಿತು, ಹೋಗಲಿ. ಆ ಹುಡುಗಿ ಕೊನೆಯ ಗಂಟೆಯವರೆಗೂ ಲೆಕ್ಕ ಬಿಡಲಿಲ್ಲ. ನೀವೆಲ್ಲ ಹಾಗಾಗಬೇಕು." ಮಕ್ಕಳು ಚಪ್ಪಾಳೆ ತಟ್ಟಿದರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೇನೆ, ಆ ಮೊಲವನ್ನು ಕೊಂದು ಮೆರವಣಿಗೆ ಮಾಡಿದವರನ್ನು ಅವತ್ತೇ ಕಂಡದ್ದು.

ಸಂಜೆ ಬೈಕು ತಂದು ಅವರ ಮುಂದೆ ನಿಲ್ಲಿಸಿದೆ. "ಹತ್ನಿ ಹೊಳ್ರೇ. ನಿಮ್ಮ ಶಿಷ್ಯೆ ಮನೆಗೆ ಹೋಪ. ಆ ಚಪ್ಪಾಳೆ ಅವ್ಳಿಗೂ ಕೊಟ್ಟ್ ಬಪ್ಪ."

ಹೊಳ್ಳರಿಗೆ ನನ್ನ ವ್ಯಂಗ್ಯ ತಟ್ಟಲೇ ಇಲ್ಲ. ಸಂತೋಷದಿಂದ ಹತ್ತಿದರು. ದಾರಿಯಲ್ಲಿ ಜೇಬಿನಿಂದ ಒಂದು ಚೀಟಿ ತೆಗೆದು, "ಒಂದ್ ಹೊಸ ಲೆಕ್ಕ ಬರ್ಕಂಡ್ ಬಂದಿದ್ದೆ. ಬಾಳ ಕಷ್ಟದ್. ಹುಡ್ಗಿ ಮನ್ಸ್ ಗಟ್ಟಿ ಆತ್ತ್" ಎಂದರು. ನಾನು ಬೈಕು ಗುಂಡಿಗೆ ಇಳಿಸಿದೆ, ಬೇಕೆಂದೇ.

ಮನೆಯಲ್ಲಿ ಸೀತು ಇರಲಿಲ್ಲ, ಉಳಿದ ಮೀನು ಮಾರಲು ಹೋಗಿದ್ದಳು. ವನಜ ಬಂದೇ ಇರಲಿಲ್ಲ. ಇದ್ದದ್ದು ಒಂದು ಕೋಣೆ, ಒಂದು ಮಂಚ, ಮಂಚದ ಮೇಲೆ ಕರಿಯ. ನವ್ಯಶ್ರೀ ಒಂದು ಮೊಣಕಾಲನ್ನು ಮಂಚಕ್ಕೆ ಊರಿ, ಅಪ್ಪನ ಕಂಕುಳಿಗೆ ಕೈ ಕೊಟ್ಟು, ಒಂದೇ ದಮ್ಮಿಗೆ ಅವನನ್ನು ಮಗ್ಗುಲಿಗೆ ತಿರುಗಿಸುತ್ತಿದ್ದಳು. ನಮ್ಮನ್ನು ಕಂಡು ನಾಚಿದಳು, ಆದರೆ ಕೈ ಬಿಡುವ ಹಾಗಿರಲಿಲ್ಲ.

ಗೋಡೆಗೆ ಮುಖ ಮಾಡಿದ್ದ ಕರಿಯ ಸದ್ದಿನಿಂದಲೇ ಗುರುತು ಹಿಡಿದ. "ಹೊಳ್ಳ ಮಾಸ್ಟ್ರಾ? ನಮ್ಮ ಹೆಣ್ಣ್ ಗಟ್ಟಿ ಸರ್. ನನ್ನ ಒಬ್ಳೇ ಎತ್ತತ್ತ್. ನೀವೇ ಗಟ್ಟಿ ಮಾಡಿದ್ ಅಂತ ಊರಂಗೆಲ್ಲ ಹೇಳ್ತ್ರ್." ಪಾಪ, ಅವನು ಉಪಕಾರ ಸ್ಮರಣೆ ಮಾಡಿದ.

ಹೊಳ್ಳರು ಜೇಬಿಗೆ ಹಾಕಿದ ಕೈಯನ್ನು ಹೊರಗೆ ತೆಗೆಯಲಿಲ್ಲ. ಚೀಟಿ ಒಳಗೇ ಉಳಿಯಿತು.

ಅವಳು ಅಪ್ಪನ ಬೆನ್ನು ಒರೆಸಿದಳು. ಮಲಗಿ ಮಲಗಿ ಚರ್ಮ ಅಲ್ಲಲ್ಲಿ ಕೆಂಪಾಗಿತ್ತು. ಹುಣ್ಣಾಗದ ಹಾಗೆ ಡಬ್ಬಿಯಿಂದ ಪೌಡರ್ ಸುರಿದುಕೊಂಡು ಅಂಗೈಯಿಂದ ಮೆಲ್ಲಗೆ ಸವರಿದಳು. ಸವರುತ್ತಲೇ, ತಿರುಗದೆ ಕೇಳಿದಳು.

"ಸರ್, ಅದ್ಕೆ ಬಾಗ್ಲ್ ಎಲ್ಲಿತ್ತ್?"

"ಯಾವ್ದಕ್ಕೆ ಮಗಾ?"

"ಹನ್ನೆರಡನೇದಕ್ಕೆ. ಇನ್ನೂ ಸಿಕ್ಕಲಿಲ್ಲೆ."

ಅಚ್ಚಿನ ತಪ್ಪೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲೇಜಿನವರು ಹೇಳಿದ್ದು ತಮ್ಮ ಕಾಗದದಲ್ಲಿ, ಮನೀಷ್ ಹಾಸ್ಟೆಲ್ಲು ಸೇರಿಯಾಗಿತ್ತು, ನಾನೋ ಆ ಮನೆಯ ಮೆಟ್ಟಿಲು ಹತ್ತಿದ್ದೇ ಅವತ್ತು. ಎರಡು ತಿಂಗಳಿಂದ ಹುಡುಗಿ ಅಪ್ಪನನ್ನು ಹೊರಳಿಸುತ್ತ ಆ ತ್ರಿಭುಜಕ್ಕೆ ಬಾಗಿಲು ಹುಡುಕುತ್ತಿದ್ದಳು.

ಹೊಳ್ಳರ ಜೇಬಿನೊಳಗೆ ಕಾಗದ ಮುದುಡಿದ ಸದ್ದಾಯಿತು. "ಇರ್ಲಿಲ್ಲೆ ಮಗಾ. ಲೆಕ್ಕವೇ ತಪ್ಪ್."

ಅವಳ ಕೈ ಬೆನ್ನ ಮೇಲೆ ನಿಂತಿತು. "ನೀವಾದ್ರೆ ಎಂತ ಮಾಡ್ತಿದ್ರಿ ಸರ್?"

ಮೂವತ್ತು ಬ್ಯಾಚಿನ ಮಕ್ಕಳಲ್ಲಿ ಒಬ್ಬರೂ ಅವರನ್ನು ಹಾಗೆ ಕೇಳಿರಲಿಕ್ಕಿಲ್ಲ. ಹೊಳ್ಳರೋ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಬಿಡ್ತಿದ್ದೆ" ಎಂದರು.

ನವ್ಯಶ್ರೀ ತಲೆಯಾಡಿಸಿದಳು. ಅಪ್ಪನ ಅಂಗಿ ಕೆಳಗೆ ಎಳೆದಳು, ಹೊದಿಕೆ ಸರಿ ಮಾಡಿದಳು. ಆಮೇಲೆ ಮಂಚದಿಂದ ಇಳಿದು ಹೊಳ್ಳರ ಎದುರಿಗೆ ಬಂದು ನಿಂತಳು. ಬಲಗೈಯನ್ನು ಬಟ್ಟೆಗೆ ತಾಗದ ಹಾಗೆ ದೂರ ಹಿಡಿದಿದ್ದಳು. ಅಂಗೈ ಪೂರ್ತಿ ಬಿಳಿಯಾಗಿತ್ತು.

"ಕೈ ತೊಳ್ಕಣ್ಲಾ ಸರ್?"

ಕೊಂಕಿಗೆ ಕೇಳಿದಳೇನೋ ಎಂದು ಅವಳ ಮುಖ ನೋಡಿದೆ. ಕೊಂಕಿರಲಿಲ್ಲ, ಅಪ್ಪಣೆಯನ್ನೇ ಕೇಳಿದ್ದಳು.

"ತೊಳ್ಕ ಹೆಣ್ಣೆ, ಹೋಯಿ ತೊಳ್ಕ" ಎಂದು ನಾನೇ ಹೇಳಿದೆ.

ಅವಳು ಕದಲಲಿಲ್ಲ. ಕೈಯನ್ನು ಹಾಗೆಯೇ ಹಿಡಿದುಕೊಂಡು ಹೊಳ್ಳರನ್ನೇ ನೋಡುತ್ತ ನಿಂತಿದ್ದಳು.