ಒಂದು ನುಡಿ ಹಿಂದೆ ಬಿದ್ದ ಆರತಿ

ನಮ್ಮ ಬಾಡಿಗೆ ಮನೆಯ ಒಡತಿ ಕಾಕೂ ಆ ಭಾನುವಾರ ಮಲಗುವ ಕೋಣೆಯ ಸ್ಪೀಕರಿಗೆ ಮೋದಕದ ನೈವೇದ್ಯ ತೋರಿಸಿದರೋ, ಕೈ ಮುಗಿಯಲೆಂದು ಡಬ್ಬಿಯನ್ನು ಸುಮ್ಮನೆ ಅದರ ಕೆಳಗಿನ ಸ್ಟೂಲಿನ ಮೇಲೆ ಇಟ್ಟರೋ, ನಾನು ಆಣೆ ಮಾಡಿ ಹೇಳಲಾರೆ. ಪಕ್ಕದಲ್ಲೇ ನಿಂತಿದ್ದೆ, ಕಣ್ಣೂ ತೆರೆದಿತ್ತು. ಆದರೆ ಧಾರವಾಡದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿ ನಾನು ಉಳಿಸಿಕೊಂಡದ್ದು ಒಂದೇ ಮಾತು: ನೈಯಾಯಿಕರು ಪ್ರತ್ಯಕ್ಷವನ್ನು ಪ್ರಮಾಣವೆಂದರು, ಅನುಮಾನವನ್ನೂ ಒಪ್ಪಿದರು, ನೆನಪನ್ನು ಮಾತ್ರ ಆ ಪಂಕ್ತಿಯಲ್ಲಿ ಕೂಡಿಸಲಿಲ್ಲ. ಅವರಿಗೂ ಮದುವೆಯಾಗಿತ್ತೆಂದು ಕಾಣುತ್ತದೆ.

ನನ್ನದೊಂದು ದೋಷ. ಕೂತು ಹಾಡು ಕೇಳಲಾರೆ. ಆಲಾಪ ಶುರುವಾದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ, ಅಲ್ಲಿಂದ ಮಲಗುವ ಕೋಣೆಗೆ, ಅಲ್ಲಿಂದ ಕಾರಣವಿಲ್ಲದೆ ವಾಪಸು. ಹಾಡು ನನ್ನ ಜೊತೆಗೇ ತಿರುಗಲಿ ಎಂಬುದು ಆಸೆ. ಅದಕ್ಕೆಂದೇ ಮಾಡಿದ ಸ್ಪೀಕರುಗಳ ಬೆಲೆ ಕೇಳಿದ ಮೇಲೆ ಎರಡು ದಿನ ಕೂತು ಕೇಳುವ ಅಭ್ಯಾಸವನ್ನೂ ಮಾಡಿ ನೋಡಿದೆ. ಆಗಲಿಲ್ಲ. ಕೊನೆಗೆ ಹಳೇ ಬಜಾರಿನಿಂದ ಮೂರು ಸ್ಪೀಕರು ತಂದೆ. ಹಳೆಯ ಫೋನುಗಳು ಕಪಾಟಿನಲ್ಲೇ ಇದ್ದವು; ನಮ್ಮ ಮನೆಯಲ್ಲಿ ಕೆಟ್ಟ ಫೋನನ್ನು ಯಾರೂ ಎಸೆಯುವುದಿಲ್ಲ, ನಿವೃತ್ತಿ ಕೊಡುತ್ತೇವೆ. ಲ್ಯಾಪ್‌ಟಾಪ್ ವೈಫೈ ಮೇಲೆ ಹಾಡು ಕಳಿಸಬೇಕು, ಕೋಣೆಗೊಂದರಂತೆ ಇಟ್ಟ ಫೋನು ಅದನ್ನು ಹಿಡಿದು ತನ್ನ ಸ್ಪೀಕರಿಗೆ ಕೊಡಬೇಕು. ಇಷ್ಟೇ ಯೋಜನೆ.

ಹಾಲಿನದು ಟೀವಿ ಪಕ್ಕ ಕೂತಿತು, ಅಡುಗೆಮನೆಯದು ಅಕ್ಕಿ ಡಬ್ಬಿಯ ಮೇಲೆ. ಮಲಗುವ ಕೋಣೆಯಲ್ಲಿ ಜಾಗವಿಲ್ಲದೆ ಗೋಡೆಗೆ ಒಂದು ಮೊಳೆ ಹೊಡೆದು ತೂಗುಹಾಕಿದೆ. ಸಂಜೆ ಹೆಂಡತಿ ಸುಮಂಗಲಾ ಅದನ್ನು ನೋಡಿದಳು.

“ಅಲ್ರೀ, ಮೊಳಿ ಹೊಡದ್ರಿ?”

“ಒಂದೇ ಒಂದು.”

“ಕಾಕೂ ಒಂದೂ ಬ್ಯಾಡ ಅಂದಾರ. ಇದು ನಾಕನೇ ಮನಿ ಅದ. ಇನ್ನೊಮ್ಮೆ ಭಾಂಡಿ ಪೇಪರಿನ್ಯಾಗ ಸುತ್ತು ಅಂದ್ರ ನಾ ಸುತ್ತೂದಿಲ್ಲ ನೋಡ್ರಿ. ನಿಮ್ಮನ್ನ ಸುತ್ತತೀನಿ.”

ಮರಾಠಿ ನಾಡಿನ ನಿಗಡಿಯ ಈ ಫ್ಲ್ಯಾಟಿನ ಕರಾರು ಹನ್ನೊಂದು ತಿಂಗಳದು, ಮುಗಿಯಲು ಬಂದಿತ್ತು. ಕೆಳಗಿನ ಮಹಡಿಯಲ್ಲೇ ಇರುವ ಕಾಕೂ ಹೊಸ ಕರಾರಿಗೆ ಮೊದಲು ಮೇಲೆ ಬಂದು, ಹೆಣ್ಣು ನೋಡಲು ಬಂದವರಂತೆ, ಗೋಡೆ ಗೋಡೆಯನ್ನೂ ನೋಡಿ ಹೋಗುವವರು. ಮೊಳೆ ಕಿತ್ತರೆ ತೂತು ಉಳಿಯುತ್ತದೆ. ತೂತಿಗಿಂತ ಮೊಳೆಯೇ ವಾಸಿ ಎಂದು ನಾನು ವಾದಿಸಿದೆ. ಭಾನುವಾರ ಸಂಜೆ ಬರುತ್ತೇನೆಂದು ಕಾಕೂ ಹೇಳಿಕಳಿಸಿದರು. ಗಣಪತಿ ಹಬ್ಬದ ದಿನಗಳು.

ಉಪಾಯ ಸುಮಂಗಲಾಳದೇ. “ಅವರು ಬಂದಕೂಡ್ಲೆ ಆರತಿ ಹಾಡು ಹಚ್ರಿ. ಆರತಿ ನಡದಾಗ ಯಾರೂ ಮನಿತುಂಬ ಅಡ್ಡಾಡೂದಿಲ್ಲ. ಹಾಲಿನ್ಯಾಗ ನಿಂತು ಚಪ್ಪಾಳಿ ಹೊಡದು, ಚಹಾ ಕುಡದು ಹೋಗತಾರ.” ಹೆಚ್ಚಿನ ಭದ್ರತೆಗೆ ಮಲಗುವ ಕೋಣೆಯ ಸ್ಪೀಕರಿಗೆ, ಮೊಳೆ ಮುಚ್ಚುವಂತೆ, ಚೆಂಡುಹೂವಿನ ಮಾಲೆಯನ್ನೂ ಹಾಕಿದಳು.

ಇಂಥ ಉಪಾಯದಲ್ಲಿ ನಾಸ್ತಿಕನಾದ ನನ್ನ ಪಾಲು ಗುಂಡಿ ಒತ್ತುವುದು. ಕಾಕೂ ಸ್ಟೀಲಿನ ಡಬ್ಬಿ ಹಿಡಿದು ಒಳಗೆ ಬಂದರು, ಒತ್ತಿದೆ. ಡಬ್ಬಿಯನ್ನು ಬಗಲಲ್ಲಿ ಅವುಚಿಕೊಂಡು ಅವರು ಚಪ್ಪಾಳೆಗೆ ನಿಂತರು. ನಾವೂ ನಿಂತೆವು. ಎಲ್ಲ ಸರಿಯಾಗಿತ್ತು, ಫೋನುಗಳ ವಯಸ್ಸೊಂದನ್ನು ಬಿಟ್ಟು. ಅಡುಗೆಮನೆಯ ಫೋನು ಅರ್ಧ ಸೆಕೆಂಡು ಹಿಂದೆ ಹಾಡಿತು. ಅದನ್ನು ಭಕ್ತಿಯ ಪ್ರತಿಧ್ವನಿ ಎನ್ನಬಹುದು. ಮಲಗುವ ಕೋಣೆಯದು ವೈಫೈಗೆ ದೂರ, ಮೇಲಾಗಿ ಎಲ್ಲಕ್ಕಿಂತ ಮುದಿ. ತಡೆದು ತಡೆದು, ಕೊನೆಗೆ ಅದು ಪೂರಾ ಒಂದು ನುಡಿ ಹಿಂದೆ ಬಿತ್ತು.

ಹಾಲಿನಲ್ಲಿ ಆರತಿ ಮುಗಿಯಿತು. ಚಪ್ಪಾಳೆ ನಿಂತಿತು. ಒಳಗೆ ಮಾತ್ರ ಮುಂದುವರಿದಿತ್ತು.

ಕಾಕೂ ಕಿವಿ ನಿಮಿರಿಸಿದರು. “ಆತ್ ಪಣ್ ಆರತೀ ಚಾಲೂ ಆಹೇ?” ಒಳಗೂ ನಡೆದಿದೆಯಾ ಎಂದು ಕೇಳಿ, ನಡೆಯುತ್ತಿರುವ ಆರತಿಗೆ ಬೆನ್ನು ತೋರಿಸುವುದು ಸರಿಯಲ್ಲವೆಂದೋ ಏನೋ, ನೇರ ಮಲಗುವ ಕೋಣೆಗೆ ನಡೆದರು. ಹಾಲಿನಲ್ಲಿ ಕಟ್ಟಿಹಾಕಲು ಹಚ್ಚಿದ ಆರತಿ ಅವರನ್ನು ಮೊಳೆಯ ಬಳಿಗೇ ಕೈಹಿಡಿದು ಕರೆದೊಯ್ದಿತು.

ಅಲ್ಲಿ ಗೋಡೆಯ ಮೇಲೆ ದುಂಡಗೆ, ಕಪ್ಪಗೆ, ಹೂಮಾಲೆ ಹಾಕಿಕೊಂಡು ನಮ್ಮ ಸ್ಪೀಕರು ದನಿ ತೆಗೆದು ಹಾಡುತ್ತಿತ್ತು. ಕಾಕೂ ಡಬ್ಬಿಯನ್ನು ಅದರ ಮುಂದಿಟ್ಟು ಕೈ ಮುಗಿದರು. ಸುಮಂಗಲಾ ಮುಗಿದಳು. ಬೇರೆ ದಾರಿ ಕಾಣದೆ ನಾನೂ ಮುಗಿದೆ. ವಿಶ್ವವಿದ್ಯಾಲಯದ ಪದವಿಯೊಂದನ್ನು ಇಷ್ಟು ಹತ್ತಿರದಿಂದ ಬೀಳ್ಕೊಟ್ಟದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಮನೆಯಲ್ಲಿ ಎರಡು ಪಾಠಗಳಿವೆ. ಕಾಕೂ ಕಣ್ಣು ಮುಚ್ಚಿದ್ದರು, ಮೊಳೆ ಕಾಣಲಿಲ್ಲ ಎಂಬುದು ನನ್ನದು. “ಎಲ್ಲಾ ಕಂಡದ ಅವರಿಗೆ. ಮಾಲಿ ಸರಸಿ ಮೊಳಿ ಮುಟ್ಟಿ ನೋಡಿದ್ರು. ನಕ್ರು. ನೀವು ದೇವರ ಮುಂದ ನಿಂತಂಗ ನಡಗತಿದ್ರಿ, ನಿಮಗೇನು ಕಾಣಸತದ?” ಎಂಬುದು ಸುಮಂಗಲಾಳದು. ಮುಂದಿನ ವಾರ ಕರಾರಿನ ನೋಂದಣಿಗೆ ಏಜೆಂಟರ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದಾಗ ಕಾಕೂ ಗೋಡೆಯ ಮಾತೇ ಎತ್ತಲಿಲ್ಲ. ನನ್ನ ಎಂಜಿನಿಯರಿಂಗಿನಿಂದ ಮನೆ ಉಳಿಯಿತೆಂದು ನಾನು, ತನ್ನ ಮಾಲೆಯಿಂದ ಉಳಿಯಿತೆಂದು ಅವಳು, ಎರಡು ತಿಂಗಳು ಜಗಳಾಡಿದೆವು.

ನೆನಪನ್ನು ನಂಬದವನು ಕಾಗದವನ್ನಾದರೂ ನೋಡಬೇಕು. ಮೊನ್ನೆ ಕರಾರಿನ ಪ್ರತಿ ತೆಗೆದು ನೋಡಿದೆ. ನಮ್ಮನ್ನೇ ಮುಂದುವರಿಸಿರೆಂದು ಕಾಕೂ ಹೇಳಿದ ಮೇಲೆ ಏಜೆಂಟರು ಅರ್ಜಿ ತುಂಬಿದ ದಿನಾಂಕ ಮೇಲೆಯೇ ಇತ್ತು. ಕ್ಯಾಲೆಂಡರಿನಲ್ಲಿ ಎಣಿಸಿದೆ, ಏಜೆಂಟರಿಗೂ ಫೋನು ಮಾಡಿ ಕೇಳಿದೆ. ಅದು ಆ ಭಾನುವಾರಕ್ಕೆ ಎರಡು ದಿನ ಹಿಂದಿನ ಶುಕ್ರವಾರ. ಭಾನುವಾರ ಕಾಕೂ ಬಂದದ್ದು ಮೋದಕ ಕೊಡುವುದಕ್ಕೆ.