ಊರು ಬಿಟ್ಟವರ ಕೆಮ್ಮು

ಮೊನ್ನೆ ಮಗುವಿನ ನೆಗಡಿಗೆಂದು ಹೆಂಡತಿ ಓಮ ಹುರಿದು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಕಾಕು ನೆನಪಾದರು…

ಧಾರವಾಡದ ಕಡೆಯವರು; ಅಲ್ಲಿ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ. ಗಂಡನಿಗೆ ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಕೆಲಸವಿತ್ತು. ಅವರು ತೀರಿಕೊಂಡ ಮೇಲೂ ಕಾಕು ಆ ಊರಿನ ಅಂಚಿನ ದುವ್ವಾಡದಲ್ಲೇ, ನಮ್ಮ ಬೀದಿಯಲ್ಲೇ ಉಳಿದಿದ್ದರು. ಓಮದ ಗಂಟು ಸದಾ ಕೈಯಲ್ಲಿ. ನನ್ನ ಮೈಸೂರು ಕನ್ನಡ ಕೇಳಿ, "ಸಕ್ಕರಿ ಜಾಸ್ತಿ ಆತು ನೋಡು," ಎಂದು ನಗುತ್ತಿದ್ದರು. ಆ ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ನನ್ನದು ಗಾಳಿಯ ಲೆಕ್ಕದ ಕೆಲಸ. ಸುತ್ತಲಿನ ಬಡಾವಣೆಗಳಲ್ಲಿ ಗಾಳಿಯ ಕೊಳೆ ಅಳೆಯುವ ಯಂತ್ರಗಳಿದ್ದವು. ಪ್ರತಿ ಭಾನುವಾರ ಅಲ್ಲಿನವರಿಗೆ ಫೋನ್ ಮಾಡಿ ಉಸಿರಾಟ ಹೇಗಿದೆಯೆಂದು ಕೇಳಿ, ಎರಡನ್ನೂ ಕಂಪ್ಯೂಟರಿನಲ್ಲಿ ತಾಳೆ ಹಾಕುತ್ತಿದ್ದೆವು. ಕಾಕುವನ್ನೂ ಸೇರಿಸಿಕೊಂಡಿದ್ದೆ. ಎದುರಿಗೇ ಇದ್ದರೂ ಫೋನಿನಲ್ಲೇ ಉತ್ತರ ಹೇಳಬೇಕೆಂಬ ಹಟ ಅವರದು. "ಇವತ್ತ ಭಾಳ ದಮ್ಮು ಹತ್ತೈತಿ, ಬರಕೋಪಾ," ಎನ್ನುತ್ತಿದ್ದರು.

ದಮ್ಮು ಹೆಚ್ಚಾಯಿತು. ಈ ಗಾಳಿಯಿಂದ ದೂರ ಹೋಗಿ ಎಂದರು ಡಾಕ್ಟರು. ವಿಜಯವಾಡದ ಮಗಳ ಮನೆಗೆ ಹೊರಟ ಕಾಕುವನ್ನು ರೈಲು ಹತ್ತಿಸಿದವನು ನಾನೇ. ಮರುದಿನ ಆಫೀಸಿನಲ್ಲಿ ಅವರ ಹೆಸರು ತೆಗೆದುಹಾಕಿದವನೂ ನಾನೇ. ಊರು ಬಿಟ್ಟವರನ್ನು ಲೆಕ್ಕದಿಂದ ಕೈಬಿಡುವುದು ನಮ್ಮ ನಿಯಮವಾಗಿತ್ತು. ನೆರೆಯವನಾಗಿಯಾದರೂ ಒಂದು ಫೋನ್ ಮಾಡಬಹುದಿತ್ತು… ಮಾಡಲಿಲ್ಲ.

ಆ ವರ್ಷದ ವರದಿಯಲ್ಲಿ ಉಸಿರಾಟದ ತೊಂದರೆ ಇಳಿದಿತ್ತು. ಎಲ್ಲರೂ ಹಿಗ್ಗಿದರು, ನಾನು ಒಂದು ಕೈ ಹೆಚ್ಚೇ. ಆಮೇಲೊಮ್ಮೆ ಮೀಟಿಂಗಿನಲ್ಲಿ ಸಹೋದ್ಯೋಗಿಯೊಬ್ಬರು, "ಬಿಟ್ಟುಹೋದವರು ಯಾಕೆ ಹೋದರು?" ಎಂದು ಸುಮ್ಮನೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದಾಯಿತು. ಗಾಳಿಯೇನೂ ಸುಧಾರಿಸಿರಲಿಲ್ಲ. ಕೆಮ್ಮುವವರು ಊರು ಬಿಟ್ಟಿದ್ದರು, ಗಟ್ಟಿ ಎದೆಯವರು ಉಳಿದಿದ್ದರು, ಅಷ್ಟೇ.

ಬಿಟ್ಟುಹೋದವರಿಗೆಲ್ಲ ಫೋನ್ ಮಾಡಲು ಕೂತೆವು. ಕಾಕುವಿನ ನಂಬರಿನಲ್ಲಿ ಸಿಕ್ಕವಳು ಮಗಳು. ಇಲ್ಲೇ ಬೆಳೆದವಳಾದ್ದರಿಂದ ಅವಳ ಕನ್ನಡಕ್ಕೆ ತೆಲುಗು ಬೆರೆತಿತ್ತು.

"ಅಮ್ಮ ಹೋಗಿಬಿಟ್ರು ಅಂಡಿ, ಉಗಾದಿಗೆ ಮುಂಚೆ. ಸಂಡೇ ಬಂದ್ರೆ ಫೋನ್ ಪಕ್ಕದಲ್ಲೇ ಇಟ್ಕೊಂಡು ಕೂತಿರ್ತಿದ್ರು. ನೀವು ಕೇಳ್ತೀರಿ, ಹೇಳಬೇಕು ಅಂತ."

ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಊರು ಬಿಟ್ಟವರನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಕಾಕುವಿನ ಹೆಸರನ್ನು ನಾನೇ ಮತ್ತೆ ಸೇರಿಸಿದೆ. ವಿಜಯವಾಡದಲ್ಲಿ ಅವರು ಕಳೆದ ಭಾನುವಾರಗಳ ಜಾಗವೆಲ್ಲ ಖಾಲಿ… ಅವರು ಹೇಳಲು ಕೂತಿದ್ದರು, ನಾನು ಕೇಳಲಿಲ್ಲ.